ಹಿಟ್ಟಿನ ಮೂಟೆ ಹೊತ್ತ ಯುದ್ಧವಿಮಾನ

ನಾನು ಒಂದು ಯುದ್ಧವಿಮಾನ. ನಗಬೇಡಿ! ನನ್ನ ಮೈ ಮರದ್ದು, ರೆಕ್ಕೆಗಳು ಬಟ್ಟೆಯವು, ಬಿಚ್ಚಿಹೋಗದೆ ನಿಂತಿರುವುದು ತಂತಿಗಳ ಪುಣ್ಯದಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಮೇಲೆ ಹೋಗಿ ಶತ್ರು ಎಲ್ಲಿದ್ದಾನೆಂದು ನೋಡಿಕೊಂಡು ಬರುವುದಷ್ಟೇ ನನ್ನ ಕೆಲಸವೆಂದು ಹೇಳಿದ್ದರು.

ಹಡಗಿನಲ್ಲಿ ತುಂಬಿ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಕಳಿಸಿದರು. ಅಲ್ಲಿ ಬೆಳಿಗ್ಗೆ ಕ್ಯಾಮೆರಾ ಕಟ್ಟಿದರು, ಮಧ್ಯಾಹ್ನ ಬಾಂಬು ಕಟ್ಟಿದರು, ಶತ್ರುವಿಮಾನ ಎದುರಾದರೆ ಇರಲಿ ಎಂದು ಬಂದೂಕನ್ನೂ ಸಿಕ್ಕಿಸಿದರು. ಇದ್ದೊಬ್ಬ ಸೊಸೆಯ ತಲೆಗೇ ಮನೆಕೆಲಸವೆಲ್ಲ ಬೀಳುವುದಿಲ್ಲವೇ, ಹಾಗಾಯಿತು ನನ್ನ ಪಾಡು. ಗೊಣಗುತ್ತಿದ್ದೆ, ಆದರೆ ಒಳಗೊಳಗೇ ಜಂಬವೂ ಇತ್ತು.

ನನ್ನ ಹರಿದ ರೆಕ್ಕೆಗೆ ತೇಪೆ ಹಾಕುತ್ತಿದ್ದವನು ಬೆಂಗಳೂರು ಕಡೆಯ ಸಿಪಾಯಿ ಮುನಿಯಲ್ಲಪ್ಪ. ಹೊಲಿದು, ಅಂಟು ಬಳಿದು, ಅಂಗೈಯಲ್ಲಿ ನೀವುತ್ತಿದ್ದ. ಅವನ ತಮ್ಮ ಪಿಳ್ಳಪ್ಪನೂ ಸಿಪಾಯಿ, ನದಿಯಾಚೆಯ ನಮ್ಮ ಠಾಣೆಯಲ್ಲಿದ್ದ. ಶತ್ರುಗಳು ಆ ಠಾಣೆಗೆ ಮುತ್ತಿಗೆ ಹಾಕಿದ್ದರು. ಒಳಗಿನವರಿಗೆ ತಿನ್ನಲು ಏನೂ ಉಳಿದಿಲ್ಲವೆಂದು ಸುದ್ದಿ ಬಂತು.

ಬಾಂಬು ಕಟ್ಟುವ ಜಾಗದಲ್ಲಿ ಹಿಟ್ಟಿನ ಮೂಟೆ ಕಟ್ಟಿಕೊಂಡು ಹಾರಿದೆ. ನನ್ನನ್ನು ನಡೆಸುತ್ತಿದ್ದವನು ವಿಟ್‌ಕಂಬ್ ಎಂಬ ಇಂಗ್ಲಿಷ್ ದೊರೆ. ಠಾಣೆಯ ಹತ್ತಿರ ಬರುತ್ತಿದ್ದಂತೆ ಕೆಳಗಿನಿಂದ ಗುಂಡಿನ ಸುರಿಮಳೆ! ಹೊಡೆದವರು ನಮ್ಮವರೇ. ಪಾಪ, ಹಿಂದಿನ ದಿನವಷ್ಟೇ ನನ್ನಂಥದೇ ಒಂದು ಶತ್ರುವಿಮಾನ ಅವರ ಮೇಲೆ ಬಾಂಬು ಹಾಕಿ ಹೋಗಿತ್ತು. ರೆಕ್ಕೆಯಡಿ ನೇತಾಡುವುದು ಬಾಂಬೋ ಹಿಟ್ಟೋ, ಅವರಿಗೇನು ಗೊತ್ತು? ಮೈಯೆಲ್ಲ ತೂತಾಗಿ, ಮೂಟೆ ಹೊತ್ತುಕೊಂಡೇ ವಾಪಸಾದೆವು.

ತೂತು ಮುಚ್ಚುತ್ತಾ ಮುನಿಯಲ್ಲಪ್ಪ ಅತ್ತುಬಿಟ್ಟ. ಆಮೇಲೆ ದೊರೆಯ ಬಳಿ ಹೋಗಿ, ತಾನೂ ಬಂದು ಮೇಲಿನಿಂದ ಕೂಗಿ ಹೇಳುತ್ತೇನೆಂದು ಬೇಡಿಕೊಂಡ. ಕೂಗಿದ್ದು ಕೇಳಬೇಕಾದರೆ ಇಂಜಿನ್ ಆರಿಸಬೇಕು. ಆರಿದ್ದು ಮತ್ತೆ ಹತ್ತದಿದ್ದರೆ ನಾನೂ ಸೇರಿ ಮೂವರ ಕಥೆ ಮುಗಿದಂತೆ. ಆದರೂ ದೊರೆ ಒಪ್ಪಿಕೊಂಡ.

ಮರುದಿನ ಠಾಣೆಯ ಮೇಲೆ ಇಂಜಿನ್ ಆರಿಸಿದ. ಅಬ್ಬಾ, ಎಂಥ ಮೌನ! ಕೆಳಗೆ ಬಂದೂಕುಗಳು ನಮ್ಮತ್ತ ತಿರುಗಿದವು. ಮುನಿಯಲ್ಲಪ್ಪ ಅರ್ಧ ಮೈ ಹೊರಗೆ ಚಾಚಿ ಕಿರುಚಿದ: "ಲೋ ಪಿಳ್ಳಾ! ಹೊಡೀಬ್ಯಾಡ್ರೋ! ನಾನ್ ಕಣ್ಲಾ, ನಿಮ್ಮಣ್ಣ! ಹಿಟ್ಟು ತಂದಿವ್ನಿ!"

ಒಂದು ಗುಂಡು ಹಾರಿತು. ಮತ್ತೊಂದು ಹಾರಲಿಲ್ಲ.

"ಅಣ್ಣೋ! ಬಾಂಬು ಅಂದ್ಕೊಂಡ್ವಿ ಕಣಣ್ಣೋ!" ಎಂದು ಕೆಳಗಿನಿಂದ ದನಿ ಬಂತು.

ಮೂಟೆಗಳನ್ನು ಬಿಟ್ಟು, ಮೂಗು ತಗ್ಗಿಸಿ ಧುಮುಕಿದೆವು. ಗಾಳಿಯ ರಭಸಕ್ಕೆ ಪ್ರೊಪೆಲ್ಲರ್ ತಿರುಗಿ, ಇಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಜೀವ ಬಾಯಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ! ಅಂದಿನಿಂದ ದಿನವೂ ಹಿಟ್ಟು ಹೊತ್ತೆ. ನೆರವಿನ ಪಡೆ ಬರುವವರೆಗೂ ಠಾಣೆ ತಾಳಿಕೊಂಡಿತು.

ಯುದ್ಧ ಮುಗಿದ ಮೇಲೆ ಹುಡುಗರ ಕಲಿಕೆಗೆಂದು ನನ್ನನ್ನು ಭಾರತಕ್ಕೆ ತಂದರು; ಈಗ ಬೆಂಗಳೂರಿನ ಒಂದು ತಾಂತ್ರಿಕ ಶಾಲೆಯ ಶೆಡ್ಡಿನಲ್ಲಿದ್ದೇನೆ. ಇಂದಿನ ಕಾಲದಲ್ಲಿ ನೋಡುವುದು, ಕಾದಾಡುವುದು, ಬಾಂಬು ಹಾಕುವುದು ಎಲ್ಲವನ್ನೂ ಒಂದೇ ವಿಮಾನ ಮಾಡುತ್ತದಂತೆ. ಅದೇನು ಹೊಸ ವಿದ್ಯೆಯೇ?

ಬಹಳ ವರ್ಷಗಳ ಹಿಂದೆ, ಮುದುಕನಾಗಿದ್ದ ಪಿಳ್ಳಪ್ಪ ಮೊಮ್ಮಗಳನ್ನು ಕರೆದುಕೊಂಡು ನನ್ನನ್ನು ನೋಡಲು ಬಂದಿದ್ದ.

"ತಾತಾ, ಇದು ಎಷ್ಟು ಜನನ್ನ ಸಾಯಿಸ್ತು?" ಎಂದಳು ಹುಡುಗಿ.

"ಅದು ನಂಗೊತ್ತಿಲ್ಲ ಕಣವ್ವ. ನಾನು ಇದಕ್ಕೆ ಗುಂಡು ಹೊಡ್ದೆ. ಮಾರ್ನೇ ದಿನ ಇದೇ ನಂಗೆ ಹಿಟ್ಟು ತಂದ್ಕೊಡ್ತು."

ನನ್ನ ಬಗ್ಗೆ ಯಾರಾದರೂ ಕೇಳಿದರೆ, ಅಷ್ಟು ಹೇಳಿದರೆ ಸಾಕು.