ಒತ್ತಿ, ಹಿಡೀರಿ, ಬಿಡಬೇಡಿ

೧

ಎಲ್ಲಿಂದ ಶುರು ಮಾಡಲಿ? ಮೊದಲು "ಗಾಳಿ ಎಂದರೇನು?" ಅಂತ ಬರೆದೆ. ನನಗೇ ಆಕಳಿಕೆ ಬಂತು, ಹೊಡೆದುಹಾಕಿದೆ. ನೇರವಾಗಿ ಹೇಳಿಬಿಡುತ್ತೇನೆ: ಬೆಳಿಗ್ಗೆ ಹನ್ನೊಂದರ ಬಿಸಿಲು, ಮನೆ ಮುಂದಿನ ಸಿಮೆಂಟು ಅಂಗಳ, ಮೋಟಾರ್‌ಸೈಕಲ್ಲಿನ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ಒಬ್ಬ ಸೊಸೆ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಎರಡು ಗಂಟೆಗೆ ಡ್ಯೂಟಿ, ದಾರಿಯಲ್ಲಿ ಉದ್ದನೆಯ ಇಳಿಜಾರು. ಬ್ರೇಕ್ ಲಿವರ್ ಒತ್ತಿದರೆ ಸ್ಪಂಜಿನ ಹಾಗೆ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ.

ಬ್ರೇಕ್ ಆಯಿಲ್ ಹರಿಯುವ ಪೈಪಿಗೆ ಗಾಳಿ ಸೇರಿದರೆ ಹೀಗಾಗುತ್ತದೆ. ಆ ಗಾಳಿ ಒಳಗೆ ಬಿಟ್ಟವರು ಅವಳ ಮಾವ. ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿನ್ನೆ ಸೊಸೆಗೊಂದು ಉಪಕಾರ ಮಾಡೋಣ ಅಂತ ಹಳೆ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಿದ್ದರು. (ಉಪಕಾರ ಅಂದರೆ ಹೀಗೇ.)

೨

ಗಾಳಿ ತೆಗೆಯೋಕೆ ಇಬ್ಬರು ಬೇಕು. ಒಬ್ಬರು ಲಿವರನ್ನು ನಾಲ್ಕು ಸಲ ಒತ್ತಿ ಬಿಗಿಯಾಗಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ಪುಟ್ಟ ನಟ್ಟು ಸಡಿಲಿಸಬೇಕು. ಆ ನಟ್ಟಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಪೈಪಿನಲ್ಲಿ ಆಯಿಲ್ ಜೊತೆ ಗುಳ್ಳೆಗಳು ಬರುತ್ತವೆ. ನಟ್ಟು ಮತ್ತೆ ಬಿಗಿಯಾದ ಮೇಲೇ ಲಿವರ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ.

"ಒತ್ತಿ ಮಾವ. ಒತ್ತಿ... ಹಿಡೀರಿ. ಬಿಡಬೇಡಿ, ಬಿಡಬೇಡಿ... ಹಾಂ, ಈಗ ಬಿಡಿ."

(ಓದುಗರೇ, ಹೆರಿಗೆ ವಾರ್ಡಿನ ನರ್ಸು ಹೀಗನ್ನುತ್ತಿದ್ದಾಳೆ! ಎಂಥ ರೂಪಕ! ಇಡೀ ಕಥೆಯನ್ನು ಇದರ ಮೇಲೇ...)

"ಬೇಡ," ಎಂದಳು ಸೊಸೆ, ತಲೆಯೆತ್ತದೆ, ನನಗೆ. "ನಾನು ದಿನಾ ಅಲ್ಲೇ ಇರೋಳು. ಅದು ಬೇರೆ, ಇದು ಬೇರೆ. ಸ್ಪ್ಯಾನರ್ ಎತ್ಕೊಡೋಕಾಗುತ್ತಾ ನಿಮಗೆ? ಇಲ್ಲ ಅಲ್ವಾ? ಸುಮ್ನಿರಿ."

ಸುಮ್ಮನಾದೆ.

೨ (ಮತ್ತೆ)

ಮುಕ್ಕಾಲು ಗಂಟೆಯಾದರೂ ಗುಳ್ಳೆ ಮುಗಿಯಲಿಲ್ಲ.

"ಪೈಪೇ ಸರಿಯಿಲ್ಲ," ಎಂದರು ಮಾವ. ಪೈಪು ಬದಲಾಯಿಸಿದಳು. "ನೀನು ನಟ್ಟು ಬಿಗಿಯೋದು ನಿಧಾನ." ಬೇಗ ಬಿಗಿದಳು. "ಹಾಗಾದ್ರೆ ಆಯಿಲ್ಲೇ ಕಲಬೆರಕೆ."

ಆಗ ಅವಳು ಪೈಪು ನೋಡುವುದನ್ನು ಬಿಟ್ಟು ಮೇಲೆ ನೋಡಿದಳು. ಮಾವನ ಬಲಗೈಯ ಎರಡು ಬೆರಳು ಲಿವರಿನ ಮೇಲೆ ಇರಲೇ ಇಲ್ಲ. ಉಳಿದೆರಡು ನಡುಗುತ್ತಿದ್ದವು. ಅವಳು "ಬಿಡಿ" ಅನ್ನುವ ಮೊದಲೇ ಲಿವರ್ ಜಾರುತ್ತಿತ್ತು.

ಹಾಗಾದರೆ ಮಾವ ಈಚೆಗೆ ಗಡ್ಡ ಬಿಟ್ಟದ್ದು ಶೋಕಿಗಲ್ಲ, ರೇಜರ್ ಹಿಡಿಯಲಾಗದೆ.

೪

(ಮೂರನೇ ಭಾಗದಲ್ಲಿ ಬ್ರೇಕ್ ಹಿಡಿಯದೆ, ಇಳಿಜಾರಿನಲ್ಲಿ ಎದುರಿಗೆ ಲಾರಿ ಬರುತ್ತಿತ್ತು. ಸೊಸೆಗೆ ಓದಿ ತೋರಿಸಿದೆ. "ನನ್ನ ಸಾಯಿಸಿ ನಿಮಗೇನು ಸಿಗುತ್ತೆ? ಇವತ್ತು ಮೂರು ಹೆರಿಗೆ ಇದೆ," ಅಂದಳು. ಹರಿದುಹಾಕಿದೆ.)

"ಮಾವ, ಕಾಲು ಜೋಮು ಹಿಡೀತು. ನೀವು ಕೂತ್ಕೊಳ್ಳಿ, ಲಿವರ್ ನಾನು ಹಿಡೀತೀನಿ."

ಮಾವ ಅಲ್ಲಾಡಲಿಲ್ಲ. "ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣಮ್ಮ." ಬೆರಳುಗಳ ಕಡೆ ನೋಡುತ್ತಾ, "ಹೀಗಾಗಿ ಎರಡು ತಿಂಗಳಾಯ್ತು. ನಿನ್ನ ಗಂಡನಿಗೆ ಹೇಳಬೇಡ."

"ನಾನು ಹೇಳಲ್ಲ. ನೀವೇ ಹೇಳ್ತೀರಿ."

ಮಾವ ಚಕ್ರದ ಪಕ್ಕ ಕೂತರು. ಎಡಗೈಗೆ ಸ್ಪ್ಯಾನರ್ ತೆಗೆದುಕೊಂಡರು. ತೆಗೆದುಕೊಂಡದ್ದೇ ತಡ, ಡಿಪೋದ ದನಿ ಬಂದುಬಿಟ್ಟಿತು: "ಒತ್ತು! ಹಿಡಿ! ಅಯ್ಯೋ, ಹೂವು ಹಿಡಿದ ಹಾಗೆ ಹಿಡೀತೀಯಲ್ಲೇ!"

ಸೊಸೆಗೆ ನಗು ತಡೆಯಲಾಗಲಿಲ್ಲ. "ಹಿಡಿದಿದೀನಿ ಮಾವ, ಪ್ರಾಣ ಹೋದ್ರೂ ಬಿಡಲ್ಲ!"

ಎಂಟನೇ ಸಲಕ್ಕೆ ಪೈಪಿನಲ್ಲಿ ಬರೀ ಆಯಿಲ್, ಒಂದೂ ಗುಳ್ಳೆಯಿಲ್ಲ. ಲಿವರ್ ಕಲ್ಲಿನ ಹಾಗೆ ಗಟ್ಟಿ.

೫

ಈಗ ಮುಕ್ತಾಯ. ಒಂದು: ಮಾವ ಮರುದಿನ ಡಾಕ್ಟರ ಹತ್ತಿರ ಹೋದರು. ಇನ್ನೊಂದು: ಹೋಗಲಿಲ್ಲ. ಮತ್ತೊಂದು: ಬೆರಳು ತಾನಾಗಿ ಸರಿಹೋಯಿತು (ನನಗೂ ನಂಬಿಕೆಯಿಲ್ಲ).

ಸೊಸೆ ಗೇಟಿನ ಬಳಿ ತಿರುಗಿ, "ನಾಳೆ ನಂಗೆ ರಜೆ ಮಾವ. ಹತ್ತಕ್ಕೆ ಹೊರಡೋಣ," ಎಂದಳು. ಎಲ್ಲಿಗೆ ಅಂತ ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಇಳಿಜಾರಿನಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿದಳು. ಬೈಕು ಗಕ್ಕನೆ ನಿಂತಿತು.

ನಾನು ಹಿಂದೆಯೇ ಉಳಿದು ಕೇಳಿದೆ, "ನಾಳೆ ಹೋಗ್ತೀರಾ?"

ಮಾವ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು. "ನೀನು ಬರೀತಿರೋದು ಬ್ರೇಕಿನ ಕಥೆ ತಾನೇ? ಬ್ರೇಕ್ ಹಿಡೀತಲ್ಲ. ನಡಿ, ನಡಿ."

ಈಗ ಒಳಗೆ ಬೀರು ತೆರೆದು, ಇಸ್ತ್ರಿ ಮಾಡಿಟ್ಟ ಅಂಗಿಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಾರೆ. ಯಾವುದನ್ನೂ ಇನ್ನೂ ಹೊರಗೆ ತೆಗೆದಿಲ್ಲ.