ಪಳನಿಯಮ್ಮ ಕತ್ತರಿಸಿದ ಅರ್ಧ ಸೀರೆ

ಕೊಯಮತ್ತೂರು ಕಡೆಯ ಸಿರುಮುಗೈ ಊರಿನ ನೇಕಾರ ವೆಲ್ಲಿಂಗಿರಿಯ ಮಗ್ಗದಲ್ಲಿ ಮೂವತ್ತು ವರ್ಷ ಒಂದು ಎಳೆ ತಪ್ಪಿದ್ದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ದಿನಕ್ಕೊಂದು ಗೇಣಾದರೂ ನೇಯುತ್ತಿದ್ದ. ದಿನದ ನೇಯ್ಗೆ ನಿಂತ ಕಡೆ ಹೆಂಡತಿ ಪಳನಿಯಮ್ಮ ಅಂಚಿಗೆ ಅರಿಶಿನದ ನೂಲು ಕಟ್ಟುವಳು. ಅದು ಆ ಮನೆಯ ಪದ್ಧತಿ.

ಆ ವಾರ ಅವನಿಗೆ ಅಡಗದ ಬಾಯಾರಿಕೆ. ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದ. ಮಲ ಕಟ್ಟಿತು. ಹಗಲೆಲ್ಲ ತೂಕಡಿಕೆ. ಕೊನೆಗೆ ಹೆಂಡತಿಯನ್ನೇ ಯಾರೆಂದು ಕೇಳಿದ. ಏಳುವ ಕಷ್ಟ ತಪ್ಪಲಿ ಎಂದು ತಾಯಿ ಜಾನಮ್ಮ ನೀರಿನ ಚೊಂಬನ್ನು ಮರೆಗಿಟ್ಟಳು.

“ರೋಗ ತಲೆಗೆ ಏರ್ತು ಕಣಮ್ಮಾ. ಪಾಪ, ಇನ್ನು ಅವನನ್ನ ಅಲೆಸಬೇಡ” ಎಂದಳು ಸೊಸೆಗೆ.

ಪಕ್ಕದ ಮನೆಯ ನರ್ಸ್ ರಾಜಾಮಣಿ ಒಪ್ಪಲಿಲ್ಲ. “ಇದು ಯಾವತ್ತು ಶುರುವಾಯ್ತು ಅಕ್ಕಾ? ಡಾಕ್ಟರು ಮೊದಲು ಅದನ್ನೇ ಕೇಳ್ತಾರೆ.”

ಪಳನಿಯಮ್ಮ ಮಗ್ಗದ ಮೇಲೆ ಬಗ್ಗಿದಳು. ಕೊನೆಯ ಮೂರು ನೂಲಿನ ಹಿಂದೆ ಅಂಚಿನಲ್ಲಿ ನೇಯ್ದ ರುದ್ರಾಕ್ಷಿ ಕಾಳುಗಳ ಸಾಲು ನೇರವಾಗಿತ್ತು. ಆಮೇಲೆ ಒಂದು ಕಾಳು ಬಿಟ್ಟಿತ್ತು, ಮುಂದೆ ಸಾಲೇ ಇರಲಿಲ್ಲ. ದಿನಕ್ಕೊಂದು ನೂಲು, ಅಂದರೆ ಕೈ ತಪ್ಪಿ ಬರೀ ಮೂರು ದಿನ. ಡಾಕ್ಟರಿಗೆ ತೋರಿಸಬೇಕೆಂದು ಅವಳು ಕತ್ತರಿ ತೆಗೆದುಕೊಂಡಳು.

ಜಾನಮ್ಮ ಕೈ ಹಿಡಿದಳು. “ಅರ್ಧ ಸೀರೇನ ಮಗ್ಗದಿಂದ ಕತ್ತರಿಸೋದು ನಮ್ಮಲ್ಲಿ ಉಂಟಾ?”

“ಸೀರೆ ಇನ್ನೊಂದು ನೇಯಬಹುದು ಅತ್ತೆ.”

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ನೋಡಿ, ನೂಲು ಎಣಿಸಿ, ಕೂಡಲೇ ರಕ್ತಪರೀಕ್ಷೆಗೆ ಬರೆದರು. ಎದೆಯ ಗಡ್ಡೆ ರಕ್ತಕ್ಕೆ ಬಿಡುತ್ತಿದ್ದ ಒಂದು ಪದಾರ್ಥದಿಂದ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಏರಿತ್ತು. ಗಡ್ಡೆ ಒಂದು ಕಡೆ ಇದ್ದು ತೊಂದರೆ ಬೇರೆ ಕಡೆ ಕಾಣುವ ಇಂಥದ್ದನ್ನು ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್ ಎನ್ನುತ್ತಾರೆ ಎಂದರು. ಅವನಿಗೆ ಬೇಕಾಗಿದ್ದದ್ದೇ ನೀರು. ಜಾನಮ್ಮ ಮೆಲ್ಲಗೆ ತನ್ನ ಎಲೆಯಡಿಕೆಯ ಸುಣ್ಣದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿದಳು. “ಆ ಸುಣ್ಣದ ತಪ್ಪಲ್ಲ ಅಜ್ಜಿ” ಎಂದು ಜೊತೆಗೆ ಬಂದಿದ್ದ ರಾಜಾಮಣಿ ನಕ್ಕಳು.

ಸಲೈನ್ ಏರಿಸಿದರು, ಔಷಧಿ ಕೊಟ್ಟರು. ಐದನೆಯ ದಿನ ವೆಲ್ಲಿಂಗಿರಿ ಹೆಂಡತಿಯನ್ನು ಹೆಸರು ಹಿಡಿದು ಕರೆದ. ಆಮೇಲೆ ಗಡ್ಡೆಗೆ ಕರೆಂಟ್ ಚಿಕಿತ್ಸೆ, ಅಂದರೆ ವಿಕಿರಣ ಚಿಕಿತ್ಸೆ, ಶುರುವಾಯಿತು. ಕ್ಯಾನ್ಸರ್ ಹೋಗಿರಲಿಲ್ಲ. ಅವನು ಮಾತ್ರ ಮರಳಿ ಬಂದಿದ್ದ.

ಮನೆಗೆ ಬಂದವನು ಆ ತುಂಡನ್ನು ತೊಡೆಯ ಮೇಲೆ ಹರಡಿಕೊಂಡ. ತಪ್ಪಿದ ಸಾಲಿನ ಮೇಲೆ ಬೆರಳಾಡಿಸಿ, “ಇದು ರೋಗ ನೇಯ್ದದ್ದು” ಎಂದ. ಕತ್ತರಿಸಿದ ಅಂಚನ್ನು ನೋಡಿ ತಾಯಿಯ ಕಡೆ ತಿರುಗಿದ. “ಇದು ನನ್ನ ಹೆಂಡತಿಯ ಕೈ. ಎಷ್ಟು ನೇರ ನೋಡಮ್ಮಾ.”

ನಿಮ್ಮ ಮನೆಯಲ್ಲಿ ಕ್ಯಾನ್ಸರ್ ಇರುವವರಿಗೆ ಹೊಸದಾಗಿ ಬಾಯಾರಿಕೆ, ತೂಕಡಿಕೆ, ಗೊಂದಲ, ಕೈಕಾಲಿನ ಸೋಲು ಕಂಡರೆ ಕೊನೆಗಾಲ ಎಂದು ಕೈಚೆಲ್ಲಬೇಡಿ. ಕಾರಣ ಹಲವು ಇರಬಹುದು. ನೀರು, ಮದ್ದು ನೀವೇ ನಿಲ್ಲಿಸಬೇಡಿ. ಶುರುವಾದ ದಿನವನ್ನು ಗುರುತಿಟ್ಟುಕೊಂಡು ತಡಮಾಡದೆ ಡಾಕ್ಟರಿಗೆ ತಿಳಿಸಿ. ಅವರನ್ನು ದಿನವೂ ನೋಡುವ ಕಣ್ಣು ನಿಮ್ಮದು.