ಬೇರೆಲ್ಲೂ ತೋರಿಸಿಲ್ಲ

ತಮಿಳುನಾಡಿನ ಸೇಲಂ ಹತ್ತಿರದ ಎಡಪ್ಪಾಡಿಯ ನೇಕಾರರ ಬೀದಿಯಲ್ಲಿ ಶಿವರಾಮನ್ ಬಾಯಿಗೆ ಸಿಕ್ಕದೆ ಹಾದುಹೋದವರು ಯಾರೂ ಇಲ್ಲ. ಕಾಲು ಮಗ್ಗದ ಗುಂಡಿಯಲ್ಲಿ, ಕೈ ಲಾಳಿಯ ಹಗ್ಗದ ಮೇಲೆ, ಬಾಯಿ ಮಾತ್ರ ಬೀದಿಯಲ್ಲಿ. ಹಾಲಿನವನನ್ನು ತಮಿಳಿನಲ್ಲಿ ರೇಗಿಸುವನು. ಒಳಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿ ಪೂಂಗೊಡಿಯನ್ನು ಮನೆಮಾತಾದ ಕನ್ನಡದಲ್ಲಿ. “ನಿನ್ ಬಾಯಿಗೊಂದು ಬೀಗ ಆಕ” ಎಂದು ಅವಳು ಬೈಯುವಳು. ಬೈದು, ಸೆರಗು ಅಡ್ಡ ಹಿಡಿದು ನಗುವಳು.

ಆ ಬಾಯಿಗೇ ಬಂತು ಕೇಡು. ನಾಲಿಗೆಯ ಎಡಗಡೆ ಎದ್ದ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ಅಡಿಕೆ ಹೊಗೆಸೊಪ್ಪು ಬಿಟ್ಟರೂ ಮಾಯಲಿಲ್ಲ. ಸೇಲಂನ ದೊಡ್ಡ ಆಸ್ಪತ್ರೆಯಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಗಂಡಹೆಂಡತಿಯನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು: ಇದು ಕ್ಯಾನ್ಸರ್. ಇನ್ನೂ ಚಿಕ್ಕದಿದೆ. ನಾಲಿಗೆಯಲ್ಲಿ ಒಂದಿಷ್ಟು ತೆಗೆಯಬೇಕು. ಮಾತು ಸ್ವಲ್ಪ ತೊದಲಬಹುದು, ಆದರೆ ಆಳು ಉಳಿಯುತ್ತಾನೆ. ತಡ ಮಾಡಬೇಡಿ.

ಪೂಂಗೊಡಿಯ ಕಿವಿಗೆ ಬಿದ್ದದ್ದು ನಾಲಿಗೆ ತೆಗೆಯಬೇಕು ಎನ್ನುವುದೊಂದೇ. ಉಳಿದದ್ದೆಲ್ಲ ಗಾಳಿಗೆ ಹೋಯಿತು.

ಮನೆಗೆ ಬಂದರೆ ಚಿನ್ನಕ್ಕ ಕಾದು ಕೂತಿದ್ದಳು. ಚಿನ್ನಕ್ಕ ಎಂದರೆ ಶಿವರಾಮನ್‌ನ ಅಕ್ಕ. ಪಕ್ಕದ ಬೀದಿಯವಳಾದರೂ ತಮ್ಮನ ಮನೆಯ ಯಜಮಾನಿಕೆ ಅವಳದೇ.

“ಒಬ್ರು ಯೋಳಿದ್ಕೇ ನಾಲ್ಗೆ ಕುಯ್ಸಿಕೊಂಡು ಬಂದ್ಬಿಡ್ತೀಯೇನ್ಲಾ? ಇನ್ನೊಬ್ರಿಗೂ ತೋರ್ಸು” ಎಂದಳು.

ಇಷ್ಟರಲ್ಲಿ ತಪ್ಪೇನಿಲ್ಲ. ಇನ್ನೊಬ್ಬ ಡಾಕ್ಟರನ್ನು ಕೇಳುವುದು ಬುದ್ಧಿವಂತರ ಕೆಲಸವೇ. ಕೆಟ್ಟದ್ದು ಅದರ ಹಿಂದೆಯೇ ಬಂದ ಮಾತಿನಿಂದ.

“ಆದ್ರೆ ಮೊದ್ಲವ್ರು ಯೋಳಿದ್ದ ಬಾಯ್ಬಿಡ್ಬ್ಯಾಡಿ. ಬಿಟ್ರೆ ಎಲ್ಡನೇವ್ರೂ ಅದ್ನೇ ಯೋಳ್ತಾರೆ. ಜೋಸ್ಯ ಕೇಳಾಕೆ ಓದಂಗೆ ಓಗ್ಬೇಕು.”

ಅವರ ಮನೆತನಗಳಲ್ಲಿ ಜಾತಕ ಕೂಡಿಸುವ ರೀತಿಯೇ ಹಾಗೆ. ಒಬ್ಬ ಜೋಯಿಸರಿಗೆ ತೋರಿಸಿ, ಬೇರೆ ಊರಿನ ಇನ್ನೊಬ್ಬರ ಮುಂದೆ ಏನೂ ತಿಳಿಯದವರಂತೆ ಹೋಗಿ ಕೂರಬೇಕು. ಮೊದಲಿನವರ ಸುದ್ದಿ ಎತ್ತಬಾರದು. ಶಿವರಾಮನ್–ಪೂಂಗೊಡಿಯರ ಜಾತಕವನ್ನೂ ಹಾಗೆಯೇ ನೋಡಿಸಿದ್ದರು. ಶಂಕಗಿರಿಯ ಜೋಯಿಸರು ಕೂಡಿಬರುವುದಿಲ್ಲ ಎಂದು ಕೈಯಲ್ಲಾಡಿಸಿಬಿಟ್ಟರು. ಇನ್ನೊಬ್ಬರು ಇಂಥ ಜೋಡಿ ಸಿಕ್ಕುವುದೇ ಕಷ್ಟ ಎಂದರು. ಮದುವೆಯಾಗಿ ಇಷ್ಟು ವರ್ಷ ಇಬ್ಬರೂ ಚೆನ್ನಾಗಿಯೇ ಬಾಳಿದ್ದರು. ತನ್ನ ಸಂಸಾರಕ್ಕೇ ಬುನಾದಿಯಾದ ಪದ್ಧತಿಯನ್ನು ಪೂಂಗೊಡಿ ನಂಬದೆ ಇರುವುದಾದರೂ ಹೇಗೆ?

ಸೇಲಂನ ಡಾಕ್ಟರುಗಳೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೆಂದು ಧರ್ಮಪುರಿಗೆ ಹೊರಟರು. ಚೂರು ಕತ್ತರಿಸಿದ ಗುರುತು ಮಾಯಲಿ ಎಂದು ಅದಕ್ಕೂ ಕೆಲವು ದಿನ ಕಾದರು. ಹೊರಡುವಾಗ ಶಿವರಾಮನ್ ಒಮ್ಮೆ ಹೇಳಿದ: “ಸೇಲಂ ಫೈಲು ತಕಂಡೇ ಓಗಾಣ ಕಣೆ. ಏನೋ ಸರಿ ಇಲ್ಲ ಅನ್ನುಸ್ತೈತೆ.”

“ಬ್ಯಾಡ ಮಾವ” ಎಂದಳು ಪೂಂಗೊಡಿ. ಅತ್ತು ಅತ್ತು ಊದಿಕೊಂಡಿದ್ದ ಅವಳ ಮುಖ ನೋಡಿ ಅವನು ಫೈಲನ್ನು ಅಕ್ಕಿ ಡ್ರಮ್ಮಿನ ಮೇಲೆಯೇ ಬಿಟ್ಟ.

ಧರ್ಮಪುರಿಯ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಬಾಯಿಗೆ ಟಾರ್ಚು ಬಿಟ್ಟು, ಬಟ್ಟೆಯಲ್ಲಿ ನಾಲಿಗೆ ಹಿಡಿದೆಳೆದು ನೋಡಿದರು. ಬೇರೆಲ್ಲಾದರೂ ತೋರಿಸಿದ್ದೀರಾ ಎಂದು ಕೇಳಿದರು.

“ವೇರ ಎಂಗೆಯುಂ ಕಾಟ್ಟಲೆ ಸಾರ್” ಎಂದಳು ಪೂಂಗೊಡಿ. ಬೇರೆಲ್ಲೂ ತೋರಿಸಿಲ್ಲ.

ಹಾಗಾದರೆ ಎಷ್ಟು ದಿನವಾಯಿತು ಎಂಬ ಪ್ರಶ್ನೆ ಬಂತು. ಅವಳು ತಬ್ಬಿಬ್ಬಾದಳು. ತಿಂಗಳುಗಳು ಎಂದರೆ ಅಲ್ಲಿಯವರೆಗೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರಲ್ಲ! ಹತ್ತು ದಿನ ಎಂದುಬಿಟ್ಟಳು. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ತಾನಾಗಿಯೇ ಬಂದು ನಿಂತಿತು. ಶಿವರಾಮನ್ ನೆಲ ನೋಡುತ್ತಿದ್ದ.

ಹುಣ್ಣಿನ ಎದುರಿಗೇ ಮುರಿದ ದವಡೆಹಲ್ಲೊಂದು ಚೂಪಾಗಿ ನಿಂತಿತ್ತು. ಇದು ಆ ಹಲ್ಲು ತಾಗಿ ತಾಗಿಯೂ ಆಗಿರಬಹುದು, ಹಲ್ಲು ನಯ ಮಾಡಿಸಿ, ಔಷಧಿ ಹಚ್ಚಿ ಎಂದರು ಡಾಕ್ಟರು. ಎರಡು ವಾರದಲ್ಲಿ ಮಾಯದಿದ್ದರೆ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು, ತಪ್ಪದೆ ಬನ್ನಿ ಎಂದು ಒತ್ತಿ ಹೇಳಿದರು. ಮೊದಲಿನ ಮಾತನ್ನು ಪೂಂಗೊಡಿ ಮಡಿಲಲ್ಲಿ ಕಟ್ಟಿಕೊಂಡಳು, ಎರಡನೆಯದನ್ನು ಅಲ್ಲೇ ಬಾಗಿಲಲ್ಲಿ ಬಿಟ್ಟಳು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಹೊಟ್ಟೆ ತುಂಬ ಉಂಡರು.

“ನಾಲ್ಗೆ ಉಳೀತು. ಇನ್ನು ನಿಂಗೆ ಉಳಿಗಾಲ ಇಲ್ಲ ಕಣೆ” ಎಂದ ಅವನು. ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷವನ್ನು ಅವಳು ಕಂಡು ಎಷ್ಟೋ ಕಾಲವಾಗಿತ್ತು.

ಹಲ್ಲು ನಯವಾದ ಮೇಲೆ ನೋವು ನಿಜಕ್ಕೂ ಕಡಿಮೆಯಾಯಿತು. ದಿನವೂ ಮೊಬೈಲಿನ ಬೆಳಕಿನಲ್ಲಿ ನೋಡಿ, ಚಿಕ್ಕದಾಗಿದೆ ಎಂದು ತಮಗೆ ತಾವೇ ಹೇಳಿಕೊಂಡರು. ದೀಪಾವಳಿ ಸೀರೆಗಳ ಕೆಲಸ ಮೈಮೇಲೆ ಬಂತು. ಎರಡು ವಾರ ಕಳೆದದ್ದನ್ನು ಯಾರೂ ಎತ್ತಲಿಲ್ಲ. ಸೇಲಂ ಆಸ್ಪತ್ರೆಯಿಂದ ಫೋನು ಬಂದಾಗಲೆಲ್ಲ ಪೂಂಗೊಡಿ ಅದನ್ನು ದಿಂಬಿನಡಿ ತಳ್ಳುತ್ತಿದ್ದಳು.

ಹಬ್ಬ ಕಳೆದ ಮೇಲೆ ಅವನ ಕತ್ತಿನಲ್ಲಿ ಗಂಟು ಕಾಣಿಸಿತು. ಕಿವಿಯವರೆಗೆ ನೋವು. ಅನ್ನ ಒಳಗಿಳಿಯದೆ ಗಂಜಿಗೆ ಬಂದ. ಮಾತು ದಪ್ಪವಾಯಿತು, ಆಮೇಲೆ ಕಡಿಮೆಯಾಯಿತು. “ಎನ್ನಣ್ಣೇ, ಸತ್ತಮೇ ಕಾಣೋಮ್?” ಎಂದು ಹಾಲಿನವನು ಬಾಗಿಲಲ್ಲಿ ನಿಂತು ಕೇಳಿದ, ಏನಣ್ಣ ಸದ್ದೇ ಇಲ್ಲವಲ್ಲ ಎಂದು. ಒಳಗಿನಿಂದ ಮಗ್ಗದ ಸದ್ದೊಂದೇ ಬಂತು. ಬೀಗ ಹಾಕಬೇಕು ಎಂದು ತಾನು ಬೈಯುತ್ತಿದ್ದುದು ಪೂಂಗೊಡಿಗೆ ನೆನಪಾಯಿತು. ಎದ್ದು ಹೋಗಿ ಅಕ್ಕಿ ಡ್ರಮ್ಮಿನ ಮೇಲಿದ್ದ ಸೇಲಂ ಫೈಲನ್ನು ತಾನೇ ಕೈಗೆತ್ತಿಕೊಂಡಳು.

ಸೇಲಂನಲ್ಲಿ ಡಾಕ್ಟರಮ್ಮ ಕತ್ತು ಮುಟ್ಟಿ ನೋಡಿದರು. ಈಗ ಹೆಚ್ಚುಕಡಿಮೆ ಇಡೀ ನಾಲಿಗೆಯೇ ಹೋಗಬೇಕು. ಅಷ್ಟಾದರೂ ಏನನ್ನೂ ಖಾತ್ರಿ ಹೇಳಲಾರೆ ಎಂದರು. ಆಮೇಲೆ ಅವರಿಗೆ ಸಿಟ್ಟು ಬಂತು.

“ಎಲ್ಲಿದ್ದಿರಿ ಇಷ್ಟು ದಿನ? ಬೇರೆ ಡಾಕ್ಟರನ್ನು ಕೇಳಬೇಕು ಅನ್ನಿಸಿದರೆ ಕೇಳಿ, ಬೇಡ ಅನ್ನುವವರು ಯಾರು? ನಾನೇ ಎಲ್ಲ ಕೊಟ್ಟು ಕಳಿಸುತ್ತಿದ್ದೆ. ಈ ರಿಪೋರ್ಟು ನೋಡಿದ್ದರೆ ಯಾವ ಡಾಕ್ಟರೇ ಆಗಲಿ, ಅವತ್ತೇ ನಿಮ್ಮನ್ನು ವಾಪಸ್ ಓಡಿಸುತ್ತಿದ್ದರು. ಯಾಕೆ ಬಿಟ್ಟಿರಿ?”

ಪೂಂಗೊಡಿ ಬಾಯಿ ತೆರೆದಳು. ಹೇಳಿಬಿಡಬೇಕು, ಎಲ್ಲವನ್ನೂ. ಅಷ್ಟರಲ್ಲಿ ಮೇಜಿನ ಕೆಳಗೆ ಶಿವರಾಮನ್ ಅವಳ ಮುಂಗೈ ಹಿಡಿದ, ನೋಯುವಷ್ಟು ಗಟ್ಟಿಯಾಗಿ.

“ನಾನ್‌ದಾನ್ ಡಾಕ್ಟರ್. ಬಯಂದುಟ್ಟೇನ್” ಎಂದ. ನಾನೇ, ಹೆದರಿಬಿಟ್ಟೆ. ಇವಳು ಕರೆಯುತ್ತಲೇ ಇದ್ದಳು, ಬಾರದವನು ನಾನೇ. ಒಂದೊಂದು ಮಾತಿಗೂ ಎಂಜಲು ಒರೆಸಿಕೊಂಡು, ಬಿಡಿಸಿ ಬಿಡಿಸಿ ಹೇಳಿದ.

ಡಾಕ್ಟರಮ್ಮ ಅವನಿಗೆ ಬೈದರು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಹೊರಗೆ ಬೆಂಚಿನ ಮೇಲೆ ಕೂತು ಅವಳು ಕೇಳಿದಳು: “ಯಾಕ್ ಮಾವ ಅಂಗಂದೆ?”

“ಇನ್ಮ್ಯಾಕೆ ನಾನು ಮಾತಾಡಾಕಿಲ್ಲ. ಜನ ಕೇಳ್ತಾರೆ, ನೀನೇ ಯೋಳ್ಬೇಕು. ಇಂಗೇ ಯೋಳು. ಅಕ್ಕನ್ನೂ ಅನ್ನಾಕೆ ಓಗ್ಬ್ಯಾಡ.” ಬಾಯಿ ಒರೆಸಿಕೊಂಡು ಮತ್ತೆ ಹೇಳಿದ: “ನೀನು ನನ್ ನಾಲ್ಗೆ ಉಳ್ಸಾಕೆ ನೋಡ್ದೆ. ನಂಗೊತ್ತಿಲ್ವಾ.”

ಅದೇ ವಾರ ಆಪರೇಷನ್ ಆಯಿತು. ವಾರ್ಡಿಗೆ ತಂದಾಗ ಮೂಗಿನಲ್ಲಿ ಒಂದು ನಳಿಗೆ, ಕತ್ತಿನಲ್ಲಿ ಒಂದು. ಕಣ್ಣು ಮಾತ್ರ ಅವನದಾಗಿತ್ತು. ಪಕ್ಕದ ಮಂಚದ ಹೆಂಗಸು ನೋಡಿ ಮರುಗಿ, ಮೊದಲೇ ಕರೆತರಬಾರದಿತ್ತಾ ಎಂದು ತಮಿಳಿನಲ್ಲಿ ಕೇಳಿದಳು.

ಪೂಂಗೊಡಿ ಗಂಡನ ಕಡೆ ನೋಡಿದಳು. ಅವನು ಕಣ್ಣು ತೆಗೆಯದೆ ಅವಳನ್ನೇ ನೋಡುತ್ತಿದ್ದ.

“ಇವರುದಾನ್... ಬಯಂದುಟ್ಟಾರು” ಎಂದಳು. ಇವರೇ, ಹೆದರಿಬಿಟ್ಟರು.

ಶಿವರಾಮನ್ ಹೌದೆಂದು ತಲೆಯಾಡಿಸಿದ. ಪೂಂಗೊಡಿ ನೀರು ತರುತ್ತೇನೆಂದು ಎದ್ದು ಹೋಗಿ, ನಲ್ಲಿಯ ಹತ್ತಿರ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.